ವಿಕ್ಕಾ ಎಷ್ಟು ಹಳೆಯದು? ಓದುಗರ ಪ್ರಶ್ನೆಗಳಿಗೆ ಉತ್ತರ

ಹ್ಯಾಲೋವೀನ್ ಆಚರಣೆಯ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಕೊಟ್ಟಿದ್ದ ಚಿಕ್ಕ ಉತ್ತರವನ್ನು ಓದಿ ಹಲವರು ಪತ್ರ ಬರೆದಿದ್ದಾರೆ. ಇಂದಿನ ಇಂಗ್ಲೆಂಡ್, ಅಮೆರಿಕಗಳಲ್ಲಿ ತಮ್ಮನ್ನು ತಾವೇ ‘ವಿಚ್’ (ಮಾಟಗಾತಿ) ಎಂದು ಕರೆದುಕೊಳ್ಳುವವರು ಯಾರು, ಅವರು ಏನನ್ನು ನಂಬುತ್ತಾರೆ, ಅವರ ಆಚರಣೆಗೂ ನಮ್ಮ ಮಾಟ-ಮಂತ್ರಕ್ಕೂ ನಂಟಿದೆಯೇ ಎಂಬುದು ಹೆಚ್ಚಿನವರ ಕುತೂಹಲ. ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ನನ್ನ ಮಗಳು ಲಂಡನ್ನಿನಲ್ಲಿ ಕೆಲಸದಲ್ಲಿದ್ದಾಳೆ. ಅವಳ ಸಹೋದ್ಯೋಗಿಯೊಬ್ಬಳು ತನ್ನ ಧರ್ಮ ‘ವಿಕ್ಕಾ’ ಎನ್ನುತ್ತಾಳಂತೆ. ಅದು ಕ್ರೈಸ್ತ ಧರ್ಮಕ್ಕಿಂತಲೂ ಹಳೆಯದು, ಸಾವಿರಾರು ವರ್ಷ ಗುಟ್ಟಾಗಿ ಉಳಿದುಬಂದದ್ದು ಎಂದು ಹೇಳುತ್ತಾಳಂತೆ. ಇದು ನಿಜವೇ?
— ಶಿವಮೊಗ್ಗದ ಓದುಗರು

ನಿಜವಲ್ಲ. ಆಧುನಿಕ ವಿಚ್‌ಕ್ರಾಫ್ಟ್ ಅಥವಾ ವಿಕ್ಕಾ ಒಂದು ಧರ್ಮವಾಗಿ ಹೊರಜಗತ್ತಿಗೆ ಪರಿಚಯವಾದದ್ದು 1950ರ ದಶಕದಲ್ಲಿ, ದಕ್ಷಿಣ ಇಂಗ್ಲೆಂಡಿನಲ್ಲಿ. ಎಷ್ಟು ಹಿಂದಕ್ಕೆ ಎಳೆದರೂ ಅದರ ಚರಿತ್ರೆ 1930ರ ದಶಕದ ಕೊನೆಯ ಭಾಗವನ್ನು ದಾಟಿ ಹಿಂದೆ ಹೋಗುವುದಿಲ್ಲ. ಹಾಗೆಂದು ನಿಮ್ಮ ಮಗಳ ಸಹೋದ್ಯೋಗಿ ಸುಳ್ಳು ಹೇಳುತ್ತಿದ್ದಾಳೆ ಎಂದು ಭಾವಿಸಬೇಕಿಲ್ಲ. ಅವಳು ಹೇಳಿದ ಮಾತನ್ನೇ ಒಂದು ಕಾಲಕ್ಕೆ ಲಂಡನ್ನಿನ ವಿಶ್ವವಿದ್ಯಾಲಯದ ವಿದ್ವಾಂಸರೊಬ್ಬರು ಗ್ರಂಥವಾಗಿ ಬರೆದಿದ್ದರು.

ಅವರ ಹೆಸರು ಮಾರ್ಗರೆಟ್ ಮರ್ರೆ. 1863ರಲ್ಲಿ ಕಲ್ಕತ್ತದಲ್ಲಿ ಹುಟ್ಟಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರಾಚೀನ ಈಜಿಪ್ಟಿನ ಅಧ್ಯಯನದಲ್ಲಿ ಹೆಸರು ಮಾಡಿದವರು. ಮೊದಲ ಮಹಾಯುದ್ಧದ ಕಾಲದಲ್ಲಿ ಉತ್ಖನನಕ್ಕಾಗಿ ಈಜಿಪ್ಟಿಗೆ ಹೋಗುವ ದಾರಿ ಮುಚ್ಚಿದಾಗ ಅವರ ಗಮನ ಯುರೋಪಿನ ಮಾಟಗಾತಿ ವಿಚಾರಣೆಗಳ ಕಡತಗಳತ್ತ ಹೊರಳಿತು. 1921ರಲ್ಲಿ ಪ್ರಕಟವಾದ ಅವರ ಗ್ರಂಥದ ವಾದ ಇಷ್ಟು: ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಮಾಟಗಾತಿಯರೆಂದು ಗಲ್ಲಿಗೇರಿದವರು ಅಮಾಯಕ ಬಲಿಪಶುಗಳೂ ಅಲ್ಲ, ಸೈತಾನನ ಭಕ್ತರೂ ಅಲ್ಲ, ಕ್ರೈಸ್ತಪೂರ್ವ ಕಾಲದ ಫಲವಂತಿಕೆಯ ಆರಾಧನೆಯೊಂದನ್ನು, ಕೊಂಬುಳ್ಳ ದೇವನೊಬ್ಬನ ಪೂಜೆಯನ್ನು, ಹದಿಮೂರು ಮಂದಿಯ ಗುಂಪುಗಳಲ್ಲಿ ರಹಸ್ಯವಾಗಿ ಕಾಪಾಡಿಕೊಂಡು ಬಂದವರು. ಬ್ರಿಟಾನಿಕಾ ವಿಶ್ವಕೋಶದ 1929ರ ಆವೃತ್ತಿಗೆ ವಿಚ್‌ಕ್ರಾಫ್ಟ್ ಕುರಿತ ಲೇಖನವನ್ನು ಬರೆದವರೂ ಇವರೇ. ಅಲ್ಲಿ ತಮ್ಮ ಊಹೆಯನ್ನು ಅವರು ಎಲ್ಲರೂ ಒಪ್ಪಿದ ಸತ್ಯವೆಂಬಂತೆ ಮಂಡಿಸಿದರು, ಆ ಲೇಖನ ದಶಕಗಳ ಕಾಲ ಹಾಗೆಯೇ ಉಳಿಯಿತು. ವಿಶ್ವಕೋಶದಲ್ಲಿ ಅಚ್ಚಾದದ್ದನ್ನು ಸಾಮಾನ್ಯ ಓದುಗ ಅನುಮಾನಿಸುವುದಾದರೂ ಹೇಗೆ?

ವೃತ್ತಿನಿರತ ಇತಿಹಾಸಕಾರರಲ್ಲಿ ಹಲವರು ಮೊದಲಿನಿಂದಲೇ ಇದನ್ನು ಒಪ್ಪಿರಲಿಲ್ಲ. 1975ರಲ್ಲಿ ನಾರ್ಮನ್ ಕೋನ್ ಎಂಬ ಇತಿಹಾಸಕಾರರು ಮರ್ರೆ ಉದ್ಧರಿಸಿದ ತಪ್ಪೊಪ್ಪಿಗೆಗಳನ್ನು ಮೂಲ ಪಠ್ಯಗಳೊಂದಿಗೆ ಇಟ್ಟು ನೋಡಿದಾಗ ಆ ವಾದದ ಬುಡವೇ ಕಳಚಿಬಿತ್ತು. ಗಾಳಿಯಲ್ಲಿ ಹಾರಿಹೋದೆ, ಪ್ರಾಣಿಯ ರೂಪ ತಳೆದೆ ಎಂಬಂಥ ಅಸಂಭವದ ಸಾಲುಗಳನ್ನು ಮರ್ರೆ ಕೈಬಿಟ್ಟು, ಊಟ, ಕುಣಿತ, ಕೂಟ ಎಂಬಂಥ ನಂಬಲರ್ಹ ಸಾಲುಗಳನ್ನಷ್ಟೇ ಉಳಿಸಿಕೊಂಡಿದ್ದರು. ಚಿತ್ರಹಿಂಸೆಯ ಭಯದಲ್ಲಿ ಹೇಳಿದ ಒಂದೇ ಹೇಳಿಕೆಯ ಅರ್ಧವನ್ನು ಸುಳ್ಳೆಂದು ಬದಿಗಿಟ್ಟು ಉಳಿದರ್ಧವನ್ನು ಸಾಕ್ಷ್ಯವೆಂದು ಎತ್ತಿಕೊಳ್ಳುವುದು ಸಂಶೋಧನೆಯಾಗುವುದಿಲ್ಲ. ಆದರೆ ಕೋನ್ ಬರೆಯುವ ಹೊತ್ತಿಗೆ ಮರ್ರೆಯವರ ಪುಸ್ತಕದಿಂದ ಸ್ಫೂರ್ತಿ ಪಡೆದ ಧರ್ಮವೊಂದು ಅಟ್ಲಾಂಟಿಕ್ ಸಾಗರದ ಎರಡೂ ದಡಗಳಲ್ಲಿ ಬೇರೂರಿ ಆಗಿತ್ತು.

ವಿಕ್ಕಾದ ಸ್ಥಾಪಕ ಜೆರಾಲ್ಡ್ ಗಾರ್ಡ್ನರ್ ಎಂದು ಓದಿದ್ದೇನೆ. ಈತ ಯಾರು? ಎಲ್ಲವನ್ನೂ ತಾನೇ ಕಲ್ಪಿಸಿ ಜನರನ್ನು ವಂಚಿಸಿದನೇ?
— ಹುಬ್ಬಳ್ಳಿಯ ಓದುಗರು

ಗಾರ್ಡ್ನರ್ 1884ರಲ್ಲಿ ಲಿವರ್‌ಪೂಲ್ ಬಳಿಯ ಸ್ಥಿತಿವಂತ ಮನೆತನದಲ್ಲಿ ಹುಟ್ಟಿದರು. ಬಾಲ್ಯದ ಉಬ್ಬಸದಿಂದಾಗಿ ಶಾಲೆಯ ಮುಖವನ್ನು ಸರಿಯಾಗಿ ಕಾಣದೆ ಬೆಚ್ಚಗಿನ ದೇಶಗಳಲ್ಲಿ ಆಯಾಳೊಂದಿಗೆ ಬೆಳೆದ ಅವರು, ಹದಿಹರೆಯದಲ್ಲಿಯೇ ಸಿಲೋನಿನ ಚಹಾ ತೋಟಗಳಿಗೆ ಬಂದರು, ಮುಂದೆ ಬೋರ್ನಿಯೋ ಮತ್ತು ಮಲಯಾಗಳಲ್ಲಿ ರಬ್ಬರ್ ತೋಟಗಳನ್ನು ನೋಡಿಕೊಂಡರು, ಕೊನೆಗೆ ಮಲಯಾದ ಸುಂಕದ ಇಲಾಖೆಯಲ್ಲಿ ಅಧಿಕಾರಿಯಾಗಿ 1936ರಲ್ಲಿ ನಿವೃತ್ತರಾದರು. ಮಲಯಾದ ಜನರ ಕ್ರಿಸ್ ಎಂಬ ಬಾಗಿದ ಅಲಗಿನ ಕಠಾರಿಯ ಮೇಲೆ ಅದೇ ವರ್ಷ ಒಂದು ಪುಸ್ತಕವನ್ನೂ ಬರೆದರು. ಆಯುಧ, ಮಂತ್ರ, ಪ್ರೇತ, ಪೂಜೆ ಇವೆಲ್ಲದರ ಬಗ್ಗೆ ಅವರಿಗಿದ್ದ ಆಸಕ್ತಿ ತೋರಿಕೆಯದಾಗಿರಲಿಲ್ಲ.

ಇಂಗ್ಲೆಂಡಿಗೆ ಮರಳಿದ ಮೇಲೆ ನ್ಯೂ ಫಾರೆಸ್ಟ್ ಕಾಡಿನ ಅಂಚಿನ ಹೈಕ್ಲಿಫ್ ಎಂಬ ಊರಿನಲ್ಲಿ ನೆಲೆಸಿ, ಸಮೀಪದಲ್ಲಿದ್ದ ರೋಸಿಕ್ರೂಷಿಯನ್ ಎಂಬ ಗುಪ್ತವಿದ್ಯೆಯ ಪಂಥದವರ ನಾಟಕಶಾಲೆಗೆ ಹೋಗಿಬರುತ್ತಿದ್ದರು. ಆ ವಲಯದಲ್ಲಿ ಅನಿ ಬೆಸೆಂಟ್ ಅವರ ಮಗಳು ಮೇಬಲ್ ಕೂಡ ಇದ್ದರು ಎಂಬುದು ನಮ್ಮವರಿಗೆ ಕುತೂಹಲ ಹುಟ್ಟಿಸುವ ಸಂಗತಿ. ಅಲ್ಲಿ ಪರಿಚಯವಾದ ಕೆಲವರು 1939ರ ಸೆಪ್ಟೆಂಬರಿನಲ್ಲಿ ತಮ್ಮನ್ನು ದೊಡ್ಡ ಮನೆಯೊಂದಕ್ಕೆ ಕರೆದೊಯ್ದು ಪುರಾತನ ಮಾಟಗಾತಿಯರ ಗುಂಪಿಗೆ ದೀಕ್ಷೆ ಕೊಟ್ಟರು ಎಂಬುದು ಗಾರ್ಡ್ನರ್ ಹೇಳಿದ ಕಥೆ. ಆ ಮನೆಯ ಒಡತಿಯನ್ನು ಅವರು ‘ಓಲ್ಡ್ ಡೊರೊಥಿ’ ಎಂದಷ್ಟೇ ಕರೆದರು. ಅಂಥವರೊಬ್ಬರು ಇರಲೇ ಇಲ್ಲ ಎಂದು ಬಹಳ ಜನ ನಕ್ಕರು. 1980ರ ದಶಕದ ಆರಂಭದಲ್ಲಿ, ಗಾರ್ಡ್ನರ್ ಶಿಷ್ಯೆಯಾಗಿದ್ದ ಡೊರೀನ್ ವಾಲಿಯೆಂಟೆ ಜನನ-ಮರಣದ ದಾಖಲೆಗಳನ್ನು ಜಾಲಾಡಿ, 1880ರಲ್ಲಿ ಬ್ರಿಟಿಷ್ ಭಾರತದಲ್ಲಿ ಸೇನಾಧಿಕಾರಿಯೊಬ್ಬರ ಮಗಳಾಗಿ ಹುಟ್ಟಿದ ಡೊರೊಥಿ ಕ್ಲಟರ್‌ಬಕ್ ಎಂಬ ಮಹಿಳೆ ಹೈಕ್ಲಿಫ್‌ನಲ್ಲಿ ನಿಜಕ್ಕೂ ವಾಸವಾಗಿದ್ದರೆಂದು ತೋರಿಸಿಕೊಟ್ಟರು. ಆದರೆ ಆಕೆಯ ಬದುಕು, ದಿನಚರಿಗಳನ್ನು ಪರಿಶೀಲಿಸಿದ ಬ್ರಿಸ್ಟಲ್ ವಿಶ್ವವಿದ್ಯಾಲಯದ ಇತಿಹಾಸಕಾರ ರೊನಾಲ್ಡ್ ಹಟನ್ ಅವರಿಗೆ ಕಂಡದ್ದು ಚರ್ಚಿಗೆ ನಿಷ್ಠೆಯಿಂದಿದ್ದ ಸಂಪ್ರದಾಯಸ್ಥ ಮಹಿಳೆ; ಮಾಟಗಾತಿಯ ಸುಳಿವು ಅವರಿಗೆ ಸಿಗಲಿಲ್ಲ. ನ್ಯೂ ಫಾರೆಸ್ಟಿನಲ್ಲಿ ಒಂದು ಗುಂಪು ಇದ್ದಿರಬಹುದು. ಇದ್ದರೂ ಅದು ಮರ್ರೆಯವರ ಪುಸ್ತಕವನ್ನು ಓದಿಕೊಂಡ ಮಧ್ಯಮವರ್ಗದವರ ಕೂಟವಾಗಿತ್ತೇ ಹೊರತು ಶಿಲಾಯುಗದಿಂದ ಉಳಿದುಬಂದ ಪಂಥವಾಗಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಬ್ರಿಟನ್ನಿನಲ್ಲಿ ಮಾಟದ ವಿದ್ಯೆ ಇದೆಯೆಂದು ನಟಿಸಿ ಜನರನ್ನು ವಂಚಿಸುವವರನ್ನು ಶಿಕ್ಷಿಸುವ 1735ರ ಕಾಯ್ದೆಯೊಂದು ಜಾರಿಯಲ್ಲಿತ್ತು. 1944ರಲ್ಲಿಯೂ ಪ್ರೇತಗಳೊಂದಿಗೆ ಮಾತಾಡುತ್ತೇನೆಂದ ಹೆಲೆನ್ ಡಂಕನ್ ಎಂಬಾಕೆಯನ್ನು ಅದರಡಿ ಒಂಬತ್ತು ತಿಂಗಳ ಸೆರೆವಾಸಕ್ಕೆ ಕಳಿಸಲಾಗಿತ್ತು. ಆ ಕಾಯ್ದೆ ರದ್ದಾದದ್ದು 1951ರಲ್ಲಿ. 1954ರಲ್ಲಿ ಗಾರ್ಡ್ನರ್ ತಮ್ಮ ‘ವಿಚ್‌ಕ್ರಾಫ್ಟ್ ಟುಡೇ’ ಪುಸ್ತಕವನ್ನು ಹೊರತಂದರು. ಮುನ್ನುಡಿ ಬರೆದವರು ತೊಂಬತ್ತು ದಾಟಿದ್ದ ಮಾರ್ಗರೆಟ್ ಮರ್ರೆ! ಸಿದ್ಧಾಂತ ಧರ್ಮವನ್ನು ಹುಟ್ಟಿಸಿತು, ಧರ್ಮ ಬಂದು ಸಿದ್ಧಾಂತಕ್ಕೆ ಸಾಕ್ಷಿ ಹೇಳಿತು.

ವಂಚನೆಯ ಮಾತಿಗೆ ಬರುವುದಾದರೆ, 1953ರಲ್ಲಿ ದೀಕ್ಷೆ ಪಡೆದ ವಾಲಿಯೆಂಟೆಯವರ ಅನುಭವವನ್ನು ಗಮನಿಸಬೇಕು. ಗುಂಪಿನ ಮಂತ್ರ, ವಿಧಿಗಳನ್ನು ಕೈಬರಹದಲ್ಲಿ ಇಟ್ಟುಕೊಂಡಿದ್ದ ‘ನೆರಳುಗಳ ಪುಸ್ತಕ’ವನ್ನು ಗಾರ್ಡ್ನರ್ ಅವರಿಗೆ ತೋರಿಸಿದಾಗ, ಪುರಾತನವೆಂದು ಹೇಳಲಾದ ಸಾಲುಗಳಲ್ಲಿ ಹಲವು 1947ರಲ್ಲಿ ತೀರಿಕೊಂಡ ಅಲಿಸ್ಟರ್ ಕ್ರೌಲಿ ಎಂಬ ಕುಖ್ಯಾತ ಮಾಂತ್ರಿಕನ ಬರಹಗಳೆಂದು ಆಕೆ ಅಲ್ಲಿಯೇ ಗುರುತು ಹಿಡಿದರು. ಕೇಳಿದಾಗ ಗಾರ್ಡ್ನರ್, ತಮಗೆ ದೊರೆತದ್ದು ಹರಕು ಮುರುಕು ತುಣುಕುಗಳು, ನಡುವಿನ ತೆರಪುಗಳನ್ನು ಸಿಕ್ಕ ಕಡೆಯಿಂದ ತಂದು ತುಂಬಿದೆ ಎಂದು ಒಪ್ಪಿಕೊಂಡು, ಇದಕ್ಕಿಂತ ಚೆನ್ನಾಗಿ ಮಾಡಬಲ್ಲೆಯಾದರೆ ನೀನೇ ಮಾಡು ಎಂಬರ್ಥದಲ್ಲಿ ಪುಸ್ತಕವನ್ನು ಆಕೆಯ ಕೈಗಿತ್ತರು. ಆಕೆ ಮಾಡಿದರು ಕೂಡ. ಇಂದು ವಿಕ್ಕಾ ಕೂಟಗಳಲ್ಲಿ ದೇವಿಯೇ ಮಾತಾಡುವಂತೆ ಪಠಿಸುವ ಗದ್ಯವು ಬಹುಪಾಲು ವಾಲಿಯೆಂಟೆಯವರ ಲೇಖನಿಯದು. ‘ನೆರಳುಗಳ ಪುಸ್ತಕ’ ಎಂಬ ಹೆಸರೂ ಹಳೆಯದಲ್ಲ ಎಂದು ಆಕೆ ಮುಂದೆ ಬರೆದರು: ಮನುಷ್ಯನ ನೆರಳಿನ ಅಳತೆಯಿಂದ ಭವಿಷ್ಯ ಹೇಳುವ ಸಂಸ್ಕೃತ ಹಸ್ತಪ್ರತಿಯೊಂದರ ಬಗ್ಗೆ 1949ರ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಇದೇ ಶೀರ್ಷಿಕೆಯ ಲೇಖನ ಬಂದಿತ್ತು, ಗಾರ್ಡ್ನರ್ ಕಾದಂಬರಿಯ ಜಾಹೀರಾತು ಅದರ ಎದುರು ಪುಟದಲ್ಲಿಯೇ ಇತ್ತು.

1957ರಲ್ಲಿ ಪ್ರಚಾರದ ಹುಚ್ಚು ಅತಿಯಾಯಿತೆಂದು ಗುಂಪಿನ ಪೂಜಾರಿಣಿಯಾಗಿದ್ದ ವಾಲಿಯೆಂಟೆ ಮತ್ತು ಇತರರು ತಕರಾರು ಎತ್ತಿದಾಗ, ಗಾರ್ಡ್ನರ್ ಇದ್ದಕ್ಕಿದ್ದಂತೆ ‘ಪ್ರಾಚೀನ ಕಟ್ಟಳೆ’ಗಳ ಪಟ್ಟಿಯೊಂದನ್ನು ಮುಂದಿಟ್ಟರು. ವಯಸ್ಸಾದ ಪೂಜಾರಿಣಿ ಕಿರಿಯಳಿಗೆ ಮರ್ಯಾದೆಯಿಂದ ಜಾಗ ಬಿಟ್ಟುಕೊಡಬೇಕು ಎಂಬುದು ಅದರಲ್ಲಿ ಒಂದು ಕಟ್ಟಳೆ! ಬೇಕಾದಾಗ ಬೇಕಾದ ಶಾಸನ ದೊರೆಯುವ ಈ ಪವಾಡವನ್ನು ನಂಬದೆ ವಾಲಿಯೆಂಟೆ ಗುಂಪನ್ನು ಬಿಟ್ಟರು. ಧರ್ಮವನ್ನು ಮಾತ್ರ ಬಿಡಲಿಲ್ಲ. ಗಾರ್ಡ್ನರ್ ತಮ್ಮ ಕೈಗೂಸನ್ನು ಪುರಾತನವೆಂದು ಹೇಳಿಕೊಂಡದ್ದು ಸುಳ್ಳು, ಅದರಲ್ಲಿ ಅನುಮಾನವಿಲ್ಲ. ಹಣ ಮಾಡಲು ಹಾಗೆ ಹೇಳಿದರು ಎಂದು ಒಪ್ಪಿಕೊಳ್ಳುವುದು ಕಷ್ಟ, ಏಕೆಂದರೆ ಹುಟ್ಟು ಶ್ರೀಮಂತಿಕೆಯಲ್ಲಿ ಬೆಳೆದ ಅವರು ಆ ಧರ್ಮವನ್ನು 1964ರಲ್ಲಿ ಹಡಗಿನಲ್ಲಿ ಸಾಯುವವರೆಗೂ ಶ್ರದ್ಧೆಯಿಂದ ಆಚರಿಸಿದರು.

ವಿಕ್ಕಾ ಅನುಯಾಯಿಗಳು ಯಾವ ದೇವರನ್ನು ಪೂಜಿಸುತ್ತಾರೆ? ಅವರ ಪೂಜೆ ಹೇಗೆ ನಡೆಯುತ್ತದೆ?
— ಮೈಸೂರಿನ ವಿದ್ಯಾರ್ಥಿನಿ

ಮುಖ್ಯವಾಗಿ ಇಬ್ಬರು: ಚಂದ್ರನೊಂದಿಗೆ ಗುರುತಿಸುವ ದೇವಿ ಮತ್ತು ಕಾಡು, ಬೇಟೆ, ಸಾವುಗಳೊಂದಿಗೆ ಗುರುತಿಸುವ ಕೊಂಬುಳ್ಳ ದೇವ. ದೇವಿಯನ್ನು ಕನ್ಯೆ, ತಾಯಿ, ಮುದುಕಿ ಎಂಬ ಮೂರು ರೂಪಗಳಲ್ಲಿ ಕಾಣುವುದು ಬಹಳ ಪ್ರಚಲಿತ. ಇದನ್ನು ಜನಪ್ರಿಯಗೊಳಿಸಿದ್ದು ಇಂಗ್ಲಿಷ್ ಕವಿ ರಾಬರ್ಟ್ ಗ್ರೇವ್ಸ್ 1948ರಲ್ಲಿ ಬರೆದ ಪುಸ್ತಕ. ಇವರು ನಿಜವಾದ ದೇವತೆಗಳೇ, ಪ್ರಕೃತಿಯ ಶಕ್ತಿಗಳಿಗೆ ಕೊಟ್ಟ ಹೆಸರುಗಳೇ, ಮನಸ್ಸಿನ ಪ್ರತೀಕಗಳೇ ಎಂಬುದರಲ್ಲಿ ಅನುಯಾಯಿಗಳಲ್ಲಿಯೇ ಒಮ್ಮತವಿಲ್ಲ. ಒಮ್ಮತ ಬೇಕೆಂದು ಅವರು ಹಂಬಲಿಸುವುದೂ ಇಲ್ಲ, ಏಕೆಂದರೆ ಈ ಧರ್ಮಕ್ಕೆ ಎಲ್ಲರಿಗೂ ಪ್ರಮಾಣವಾದ ಒಂದು ಗ್ರಂಥವಾಗಲಿ, ಪೀಠವಾಗಲಿ ಇಲ್ಲ. ಏನನ್ನು ನಂಬುತ್ತೀರಿ ಎಂಬುದಕ್ಕಿಂತ ಏನನ್ನು ಆಚರಿಸುತ್ತೀರಿ ಎಂಬುದಕ್ಕೆ ಇಲ್ಲಿ ಬೆಲೆ ಹೆಚ್ಚು.

ಗಾರ್ಡ್ನರ್ ಪರಂಪರೆಯ ಕೂಟವೊಂದರ ಹುಣ್ಣಿಮೆಯ ಆಚರಣೆಯನ್ನು ಗಮನಿಸಿದರೆ ಅದರ ಸ್ವರೂಪ ತಿಳಿಯುತ್ತದೆ. ಮೊದಲು ಒಂಬತ್ತು ಅಡಿ ವ್ಯಾಸದ ವೃತ್ತವನ್ನು ಗುರುತಿಸಿ, ಪೂಜಾರಿಣಿ ಕಪ್ಪು ಹಿಡಿಯ ‘ಅಥಾಮೆ’ ಎಂಬ ಚಾಕುವಿನ ತುದಿಯಿಂದ ಅದರ ಅಂಚನ್ನು ಗಾಳಿಯಲ್ಲಿ ಬರೆಯುತ್ತಾ ಸುತ್ತುತ್ತಾರೆ. ಈ ಚಾಕುವಿನಿಂದ ಏನನ್ನೂ ಕೊಯ್ಯುವಂತಿಲ್ಲ, ಕೊಯ್ಯುವ ಕೆಲಸಕ್ಕೆ ಬಿಳಿ ಹಿಡಿಯ ಬೇರೊಂದು ಚಾಕು ಇರುತ್ತದೆ. ಉಪ್ಪು ಬೆರೆಸಿದ ನೀರನ್ನು ಚಿಮುಕಿಸಿ, ಧೂಪ ತೋರಿಸಿ, ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಭೂಮಿ ಎಂದು ನಾಲ್ಕು ದಿಕ್ಕುಗಳ ರಕ್ಷಕರನ್ನು ಆವಾಹಿಸುತ್ತಾರೆ. ಬಳಿಕ ದೇವಿಯು ಪೂಜಾರಿಣಿಯ ಮೈಮೇಲೆ ಬರುವಂತೆ ಬೇಡಿಕೊಳ್ಳುವ ವಿಧಿ ನಡೆದು, ಆಕೆ ದೇವಿಯ ಮಾತುಗಳನ್ನು ನುಡಿಯುತ್ತಾರೆ. ಕರಾವಳಿಯ ದರ್ಶನದ ಸೇವೆಯನ್ನು ಕಂಡವರಿಗೆ ಈ ಘಟ್ಟ ವಿಚಿತ್ರವೆನಿಸಲಾರದು, ಆದರೆ ಇಲ್ಲಿ ನುಡಿಯೆಲ್ಲ ಬಹುಮಟ್ಟಿಗೆ ಬಾಯಿಪಾಠವಾದದ್ದು. ಕೊನೆಯಲ್ಲಿ ದ್ರಾಕ್ಷಾರಸದ ಬಟ್ಟಲಿನೊಳಗೆ ಚಾಕುವಿನ ತುದಿಯನ್ನು ಇಳಿಸಿ ಹೆಣ್ಣು-ಗಂಡಿನ ಕೂಡಿಕೆಯನ್ನು ಸೂಚಿಸಿ, ರಸವನ್ನೂ ರೊಟ್ಟಿಯನ್ನೂ ಹಂಚಿಕೊಂಡು, ದಿಕ್ಕುಗಳಿಗೆ ವಿದಾಯ ಹೇಳಿ ವೃತ್ತವನ್ನು ವಿಸರ್ಜಿಸುತ್ತಾರೆ. ಗಾರ್ಡ್ನರ್ ಕಾಲದ ಗುಂಪು ಇದನ್ನೆಲ್ಲ ಬೆತ್ತಲೆಯಾಗಿ ಮಾಡುತ್ತಿತ್ತು, ಗಾರ್ಡ್ನರ್ ನಗ್ನವಾದಿಗಳ ಕ್ಲಬ್ಬಿನ ಸದಸ್ಯರೂ ಆಗಿದ್ದರು. ಇಂದಿನ ಬಹುಪಾಲು ಗುಂಪುಗಳಲ್ಲಿ ನಿಲುವಂಗಿಯೋ ನಿತ್ಯದ ಉಡುಪೋ ಇರುತ್ತದೆ.

ಇದರ ಮೂಲಗಳನ್ನು ಬಿಡಿಸಿ ನೋಡುವುದು ಕಷ್ಟವಲ್ಲ. ವೃತ್ತ ಮತ್ತು ಕಪ್ಪು ಹಿಡಿಯ ಚಾಕು ಸೊಲೊಮನ್ನನ ಹೆಸರಿನಲ್ಲಿ ಚಾಲ್ತಿಯಲ್ಲಿದ್ದ ಹಳೆಯ ಯುರೋಪಿನ ಮಾಂತ್ರಿಕ ಕೈಪಿಡಿಯಿಂದ ಬಂದವು. ಮೂರು ಹಂತದ ದೀಕ್ಷೆ, ಕಣ್ಣಿಗೆ ಬಟ್ಟೆ ಕಟ್ಟಿ ಒಳಗೆ ಕರೆತರುವ ಕ್ರಮ ಗುಪ್ತ ವಿಧಿಗಳ ಸೋದರ ಸಂಘವಾದ ಫ್ರೀಮೇಸನರದು. ದೇವಿಯ ನುಡಿಯ ಆರಂಭದ ಭಾಗ ಅಮೆರಿಕದ ಚಾರ್ಲ್ಸ್ ಲೆಲ್ಯಾಂಡ್ ಇಟಲಿಯ ಮಾಟಗಾತಿಯರದೆಂದು 1899ರಲ್ಲಿ ಪ್ರಕಟಿಸಿದ ಪಠ್ಯದ್ದು.

ಹುಣ್ಣಿಮೆಗಳಲ್ಲದೆ ವರ್ಷಕ್ಕೆ ಎಂಟು ಹಬ್ಬಗಳಿವೆ: ಅತಿ ದೀರ್ಘ ಹಗಲು, ಅತಿ ದೀರ್ಘ ರಾತ್ರಿ, ಹಗಲಿರುಳು ಸಮವಾಗುವ ಎರಡು ದಿನಗಳು, ಇವುಗಳ ನಡುವೆ ಬರುವ ಫೆಬ್ರುವರಿ, ಮೇ, ಆಗಸ್ಟ್ ತಿಂಗಳುಗಳ ಆರಂಭದ ದಿನಗಳು ಮತ್ತು ಅಕ್ಟೋಬರ್ 31. ಕೊನೆಯದು ಸೌವಿನ್, ಸತ್ತವರನ್ನು ನೆನೆಯುವ ಹಬ್ಬ. ಹ್ಯಾಲೋವೀನ್ ಬೀಳುವುದೂ ಅದೇ ದಿನ. ಬಿಡಿಬಿಡಿಯಾಗಿ ಇವುಗಳಲ್ಲಿ ಕೆಲವು ನಿಜಕ್ಕೂ ಪ್ರಾಚೀನ. ಎಂಟನ್ನೂ ಒಂದು ಚಕ್ರವಾಗಿ ಹೆಣೆದದ್ದು 1950ರ ದಶಕದಲ್ಲಿ, ಸೆಪ್ಟೆಂಬರಿನ ಸಮರಾತ್ರಿಯ ಹಬ್ಬಕ್ಕೆ ‘ಮೇಬನ್’ ಎಂಬಂಥ ಹೆಸರು ಸೇರಿಕೊಂಡದ್ದು 1970ರ ದಶಕದಲ್ಲಿ. ಋತುಗಳು ತಿರುವುಮುರುವಾಗಿರುವ ಆಸ್ಟ್ರೇಲಿಯದಲ್ಲಿ ಹಲವರು ಈ ಚಕ್ರವನ್ನು ಆರು ತಿಂಗಳು ಮುಂದಕ್ಕೆ ತಳ್ಳಿ, ಸೌವಿನ್ ಹಬ್ಬವನ್ನು ಏಪ್ರಿಲ್ ಕೊನೆಯಲ್ಲಿ ಮಾಡುತ್ತಾರೆ.

ನೀತಿಯ ವಿಷಯದಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಯಾರಿಗೂ ಕೇಡಾಗದಂತಿದ್ದರೆ ನಿನ್ನ ಮನಸ್ಸಿಗೆ ಬಂದದ್ದನ್ನು ಮಾಡು ಎಂಬುದು ಒಂದು; ಇದನ್ನು ಈ ರೂಪದಲ್ಲಿ ಸಾರ್ವಜನಿಕವಾಗಿ ಮೊದಲು ಹೇಳಿದ್ದು 1964ರಲ್ಲಿ ವಾಲಿಯೆಂಟೆಯವರೇ. ನೀನು ಮಾಡಿದ್ದು, ಒಳ್ಳೆಯದಿರಲಿ ಕೆಟ್ಟದ್ದಿರಲಿ, ಮೂರು ಪಟ್ಟಾಗಿ ನಿನಗೇ ಮರಳುತ್ತದೆ ಎಂಬುದು ಇನ್ನೊಂದು. ಪುನರ್ಜನ್ಮವನ್ನು ನಂಬುವವರೂ ಬಹಳ, ‘ಕರ್ಮ’ ಎಂಬ ಮಾತೂ ಅವರ ಬಾಯಲ್ಲಿ ಸಲೀಸು. ಇದು ನಮ್ಮಲ್ಲಿಂದ ನೇರವಾಗಿ ಹೋದದ್ದಲ್ಲ, ಭಾರತೀಯ ವಿಚಾರಗಳನ್ನು ಪಶ್ಚಿಮಕ್ಕೆ ಒಯ್ದ ಥಿಯಾಸಫಿ ಪಂಥದ ಮೂಲಕ ಸುತ್ತಿಬಳಸಿ ಹೋದದ್ದು. ಮಾಟವನ್ನೂ ಅವರು ಮಾಡುತ್ತಾರೆ, ಆದರೆ ಹೆಚ್ಚಿನದು ಕಾಯಿಲೆ ವಾಸಿಯಾಗಲಿ, ಕೆಲಸ ಸಿಗಲಿ ಎಂದು ಮೇಣದಬತ್ತಿ ಹಚ್ಚಿ ಸಂಕಲ್ಪ ಮಾಡಿಕೊಳ್ಳುವ ಬಗೆಯದು. ಅದರಿಂದ ಕಾಯಿಲೆ ವಾಸಿಯಾಗುತ್ತದೆ ಎನ್ನಲು ಆಧಾರವಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಇವರು ಸೈತಾನನ ಆರಾಧಕರು ಎನ್ನುತ್ತಾರಲ್ಲ?
— ಮಂಗಳೂರಿನ ಓದುಗರು

ಅಲ್ಲ. ಸೈತಾನ ಇರುವುದು ಕ್ರೈಸ್ತ ನಂಬಿಕೆಯ ಒಳಗೆ. ಆ ನಂಬಿಕೆಯನ್ನೇ ಒಪ್ಪದವರಿಗೆ ಅವನನ್ನು ಪೂಜಿಸುವ ಪ್ರಸಂಗ ಬರುವುದಿಲ್ಲ. ಕೊಂಬಿರುವ ದೇವ ಎಂದೊಡನೆ ಚರ್ಚಿನ ಚಿತ್ರಗಳ ಸೈತಾನ ನೆನಪಾಗುವುದರಿಂದ ಈ ಗೊಂದಲ ಹುಟ್ಟಿದೆ. ಸೈತಾನನ ಹೆಸರಿನ ಚರ್ಚೊಂದನ್ನು 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ಥಾಪಿಸಿದ ಆಂಟನ್ ಲಾವೇ ಅವರ ಪಂಥ ಬೇರೆಯೇ, ಅವರಿಗೂ ವಿಕ್ಕಾದವರಿಗೂ ಅಷ್ಟಕ್ಕಷ್ಟೇ.

ಯುರೋಪಿನಲ್ಲಿ 90 ಲಕ್ಷ ಮಾಟಗಾತಿಯರನ್ನು ಸುಟ್ಟರು ಎಂದು ಓದಿದ್ದೆ. ಈಗಿನವರು ಅವರ ವಾರಸುದಾರರೇ?
— ಧಾರವಾಡದ ನಿವೃತ್ತ ಅಧ್ಯಾಪಕರು

ಆ ಸಂಖ್ಯೆ ತಪ್ಪು. ಹದಿನೆಂಟನೆಯ ಶತಮಾನದ ಜರ್ಮನ್ ಬರಹಗಾರ ಫೋಯ್ಗ್ಟ್ ಎಂಬುವರು ಒಂದು ಊರಿನ ಅಲ್ಪ ದಾಖಲೆಗಳನ್ನು ಹಿಡಿದು ಇಡೀ ಯುರೋಪಿಗೂ ಹಲವು ಶತಮಾನಗಳಿಗೂ ಗುಣಿಸಿ ತೆಗೆದ ಲೆಕ್ಕ ಅದು. ಅಮೆರಿಕದ ಸ್ತ್ರೀವಾದಿ ಮಟಿಲ್ಡಾ ಗೇಜ್ 1893ರಲ್ಲಿ ಬರೆದ ಪುಸ್ತಕದ ಮೂಲಕ ಅದು ಇಂಗ್ಲಿಷ್ ಓದುಗರಲ್ಲಿ ಹರಡಿತು, ಗಾರ್ಡ್ನರ್ ಕೂಡ ಅದನ್ನು ಹಾಗೆಯೇ ಎತ್ತಿಕೊಂಡರು. ನ್ಯಾಯಾಲಯದ ಕಡತಗಳನ್ನು ಊರೂರಿನಲ್ಲಿ ಪರಿಶೀಲಿಸಿದ ಇತಿಹಾಸಕಾರರು ಇಂದು ಒಪ್ಪುವ ಅಂದಾಜು, ಸುಮಾರು 1450ರಿಂದ 1750ರವರೆಗೆ 40,000ದಿಂದ 50,000 ಮರಣದಂಡನೆಗಳು. ಇವರಲ್ಲಿ ಮುಕ್ಕಾಲು ಪಾಲು ಹೆಂಗಸರು. ಇಂಗ್ಲೆಂಡಿನಲ್ಲಿ ಮಾಟದ ಅಪರಾಧಕ್ಕೆ ಸುಡುತ್ತಿರಲಿಲ್ಲ, ಗಲ್ಲಿಗೇರಿಸುತ್ತಿದ್ದರು.

ವಾರಸುದಾರಿಕೆಯ ಮಾತನ್ನು ನಾನು ಸ್ವಲ್ಪ ಖಾರವಾಗಿಯೇ ತಳ್ಳಿಹಾಕುತ್ತೇನೆ. ಸತ್ತವರಲ್ಲಿ ಬಹುತೇಕ ಎಲ್ಲರೂ ಕ್ರೈಸ್ತರು. ನೆರೆಯವರೊಂದಿಗಿನ ಜಗಳ, ಸತ್ತ ಹಸು, ಕಾಯಿಲೆ ಬಿದ್ದ ಮಗು, ಭಿಕ್ಷೆ ನಿರಾಕರಿಸಿದಾಗ ಗೊಣಗಿದ ಮಾತು ಇಂಥ ಕಾರಣಗಳಿಗೆ ಕಟಕಟೆ ಹತ್ತಿದವರು. ನಾನು ಮಾಟಗಾತಿಯಲ್ಲ ಎಂದು ಕೂಗಿಕೊಂಡೇ ಸತ್ತವರು ಎಷ್ಟೋ ಮಂದಿ. 1692ರಲ್ಲಿ ಅಮೆರಿಕದ ಸೇಲಂನಲ್ಲಿ ಗಲ್ಲಿಗೇರಿದ 19 ಮಂದಿಯೂ ತಪ್ಪನ್ನು ಒಪ್ಪದೆ ಸತ್ತವರು. ಒಪ್ಪಿಕೊಂಡವರು ಅಲ್ಲಿ ಬದುಕಿಕೊಂಡರು. ಅವರನ್ನು ಇಂದು ಯಾವುದೋ ದೇವಿಯ ಆರಾಧಕರೆಂದು ಕರೆಯುವುದು, ಅವರ ಮೇಲೆ ಆರೋಪ ಹೊರಿಸಿದವರ ಮಾತನ್ನು ಮತ್ತೊಂದು ದಾರಿಯಿಂದ ನಿಜ ಮಾಡಿದಂತೆ. ಹಟನ್ ಅವರ 1999ರ ಸಂಶೋಧನಾ ಗ್ರಂಥದ ಬಳಿಕ ವಿಕ್ಕಾದ ಒಳಗಿನ ಓದಿಕೊಂಡವರು ಈ ದಾವೆಯನ್ನು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ. ನಮ್ಮದು ಹೊಸ ಧರ್ಮ, ಹೊಸದಾದರೆ ತಪ್ಪೇನು ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ನನ್ನಲ್ಲಿ ಆಕ್ಷೇಪವಿಲ್ಲ.

ಈ ಧರ್ಮಕ್ಕೆ ಸರ್ಕಾರದ ಮನ್ನಣೆ ಇದೆಯೇ? ಎಷ್ಟು ಮಂದಿ ಇದ್ದಾರೆ?
— ತುಮಕೂರಿನ ಓದುಗರು

2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಮಂದಿ ವಿಕ್ಕಾ ಎಂದೂ, 74,000 ಮಂದಿ ಪೇಗನ್ (ಕ್ರೈಸ್ತಪೂರ್ವ ಧರ್ಮಗಳ ಮಾದರಿಯನ್ನು ಅನುಸರಿಸುವವರ ಸಾಮಾನ್ಯ ಹೆಸರು) ಎಂದೂ ಬರೆಸಿದರು. ಅಮೆರಿಕದಲ್ಲಿ 1986ರಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ವಿಕ್ಕಾವನ್ನು ಧರ್ಮವೆಂದು ಒಪ್ಪಿತು. ಅರ್ಜಿ ಹಾಕಿದ್ದ ವರ್ಜೀನಿಯದ ಕೈದಿಗೆ ಮಾತ್ರ ಅವನು ಕೇಳಿದ ಮೇಣದಬತ್ತಿ, ಧೂಪ, ನಿಲುವಂಗಿಗಳು ಭದ್ರತೆಯ ಕಾರಣದಿಂದ ಸಿಗಲಿಲ್ಲ. 2007ರಿಂದ ಅಲ್ಲಿನ ಸೈನಿಕರ ಸಮಾಧಿಕಲ್ಲಿನ ಮೇಲೆ ವೃತ್ತದೊಳಗಿನ ಐದು ಮೂಲೆಯ ನಕ್ಷತ್ರವನ್ನು ಕೆತ್ತಿಸಲು ಅವಕಾಶವಿದೆ. ಒಟ್ಟು ಲೆಕ್ಕ ಹೇಳುವುದು ಕಷ್ಟ, ಏಕೆಂದರೆ 1980ರ ದಶಕದಿಂದೀಚೆಗೆ ಯಾವ ಕೂಟಕ್ಕೂ ಸೇರದೆ, ಪುಸ್ತಕ ಓದಿ ಒಬ್ಬರೇ ಆಚರಿಸುವವರೇ ಹೆಚ್ಚು.

ಭಾರತದಲ್ಲಿ ವಿಕ್ಕಾ ಇದೆಯೇ? ನಮ್ಮ ರಾಜ್ಯದ ಮೌಢ್ಯ ನಿಷೇಧ ಕಾಯ್ದೆ ಇಂಥವರಿಗೆ ಅನ್ವಯಿಸುತ್ತದೆಯೇ?
— ಕಲಬುರಗಿಯ ವಕೀಲರು

ಕೋಲ್ಕತ್ತದ ಇಪ್ಸಿತಾ ರಾಯ್ ಚಕ್ರವರ್ತಿ 1980ರ ದಶಕದಲ್ಲಿಯೇ ತಾನು ವಿಕ್ಕಾ ಅನುಯಾಯಿ ಎಂದು ಬಹಿರಂಗವಾಗಿ ಹೇಳಿಕೊಂಡವರು. ಅದನ್ನು ಬಿಟ್ಟರೆ ನಮ್ಮಲ್ಲಿ ಇದು ದೊಡ್ಡ ನಗರಗಳ ಕೆಲವೇ ಮಂದಿಯ ಆಸಕ್ತಿ. ಕಲ್ಯಾಣ ಕರ್ನಾಟಕದ ಭಾನಾಮತಿಯ ಭಯಕ್ಕೂ, ಹಳ್ಳಿಯ ಮಾಟ ತೆಗೆಯುವವರ ಕಸುಬಿಗೂ ಅದಕ್ಕೂ ಚರಿತ್ರೆಯ ನಂಟಿಲ್ಲ. ನಮ್ಮ ದೇಶದಲ್ಲಿ ಈ ವಿಷಯದ ನಿಜವಾದ ಸಂಕಟ ಬೇರೆ: ಜಾರ್ಖಂಡ್, ಬಿಹಾರ, ಒಡಿಶಾ, ಛತ್ತೀಸ್‌ಗಢ, ಅಸ್ಸಾಂಗಳಲ್ಲಿ ಜಮೀನಿಗಾಗಿಯೋ ಹಗೆಗಾಗಿಯೋ ಹೆಂಗಸೊಬ್ಬಳನ್ನು ಮಾಟಗಾತಿಯೆಂದು ಸಾರಿ ಹೊಡೆಯುವ, ಊರು ಬಿಡಿಸುವ, ಕೊಲ್ಲುವ ಘಟನೆಗಳು ಇಂದಿಗೂ ನಡೆಯುತ್ತಿವೆ. ಬಿಹಾರ 1999ರಲ್ಲಿ ಇದಕ್ಕೆಂದೇ ಕಾಯ್ದೆ ಮಾಡಿತು, ಜಾರ್ಖಂಡ್ 2001ರಲ್ಲಿ ಅದನ್ನು ಅಳವಡಿಸಿಕೊಂಡಿತು, ಇತರ ರಾಜ್ಯಗಳು ಅನುಸರಿಸಿದವು. ಮಾಟಗಾತಿಯೆಂದು ಹಿಂಸೆಗೊಳಗಾಗಿ, ಬಳಿಕ ಅಂಥದೇ ಸಂತ್ರಸ್ತರ ಪರ ನಿಂತ ಜಾರ್ಖಂಡಿನ ಛುಟ್ನಿ ದೇವಿ ಅವರಿಗೆ 2021ರಲ್ಲಿ ಪದ್ಮಶ್ರೀ ದೊರೆಯಿತು.

ನಮ್ಮ ರಾಜ್ಯದ ಕಾಯ್ದೆ 2017ರದು, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಯಾರು ಯಾವ ದೇವರನ್ನು ನಂಬುತ್ತಾರೆ ಎಂಬುದು ಅದರ ವಿಷಯವಲ್ಲ. ಭಾನಾಮತಿ, ವಾಮಾಚಾರಗಳ ಹೆಸರಿನಲ್ಲಿ ಭಯ ಹುಟ್ಟಿಸುವುದು, ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಬೆತ್ತಲೆ ಮೆರವಣಿಗೆ, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವುದು ಮುಂತಾದ ನಿರ್ದಿಷ್ಟ ಕೃತ್ಯಗಳನ್ನು ಅದು ಅಪರಾಧವೆಂದು ಹೆಸರಿಸುತ್ತದೆ. ಬೆಂಗಳೂರಿನ ತಾರಸಿಯೊಂದರಲ್ಲಿ ನಾಲ್ಕು ಮಂದಿ ಹುಣ್ಣಿಮೆಯ ರಾತ್ರಿ ಮೇಣದಬತ್ತಿ ಹಚ್ಚಿ ದೇವಿಯನ್ನು ಕರೆದರೆ ಅದು ಅಪರಾಧವಾಗದು. ಅವರಲ್ಲೊಬ್ಬರು ಕಾಯಿಲೆಯವರ ಮನೆಗೆ ಹೋಗಿ, ಆಸ್ಪತ್ರೆ ಬೇಡ, ನಮ್ಮ ವಿಧಿಯೇ ಸಾಕು ಎಂದು ಹೆದರಿಸಿ ಹಣ ಪಡೆದರೆ, ಅವರ ಧರ್ಮದ ಹೆಸರು ಏನೇ ಇರಲಿ, ದೂರು ಕೊಡಲು ನಿಮ್ಮ ಕಕ್ಷಿದಾರರಿಗೆ ದಾರಿ ಇದೆ.